ಎತ್ತರದ ಮರಗಳು ಓಡಿದ ವರ್ಷ

ಮೊದಲು ಒಂದು ಸ್ಕೋರನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ: 46–33. 1939ರ ಮಾರ್ಚ್ 27ರಂದು, ಅಮೆರಿಕದ ಶಿಕಾಗೋ ಪಕ್ಕದ ಇವಾನ್‌ಸ್ಟನ್ ಎಂಬ ಊರಿನಲ್ಲಿ, ಒರೆಗಾನ್ ವಿಶ್ವವಿದ್ಯಾಲಯದ ಹುಡುಗರು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡವನ್ನು ಸೋಲಿಸಿದ ಅಂಕಗಳಿವು. ಈಗ ಪ್ರತಿ ಮಾರ್ಚ್‌ನಲ್ಲಿ ಅಮೆರಿಕವಿಡೀ ಟಿ.ವಿ. ಮುಂದೆ ಕೂತು ನೋಡುವ ಎನ್‌ಸಿಎಎ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿ ಇದೆಯಲ್ಲ, ಅದರ ಮೊಟ್ಟಮೊದಲ ಫೈನಲ್ ಅದು.

ನಮ್ಮ ಶಾಲೆಯಲ್ಲಿ ಹೊಸದಾಗಿ ಚೆಂಡು ಹಿಡಿಯಲು ಬರುವ ಮಕ್ಕಳಿಗೆ ನಾನು ಈ ಕಥೆಯಿಂದಲೇ ಪಾಠ ಶುರುಮಾಡುತ್ತೇನೆ. ಸ್ಕೋರು ಹೇಳಿದ ಕೂಡಲೇ ಒಂದಿಬ್ಬರಾದರೂ ಕೇಳುತ್ತಾರೆ: "ಇಷ್ಟೇನಾ ಸರ್? ಫೈನಲ್‌ನಲ್ಲಿ ಬರೀ ನಲವತ್ತಾರಾ?" ಒಳ್ಳೆಯ ಪ್ರಶ್ನೆ. ಇಂದಿನ ಕಾಲೇಜು ತಂಡವೊಂದು ವಿರಾಮ ಮುಗಿದು ಸ್ವಲ್ಪ ಹೊತ್ತಿಗೆಲ್ಲ ಅಷ್ಟು ಅಂಕ ಮಾಡಿರುತ್ತದೆ. ಆದರೆ 1939ಕ್ಕೂ ಕೆಲವೇ ವರ್ಷ ಹಿಂದಿನ ಕಣ್ಣಿನಿಂದ ನೋಡಿದರೆ ಆ 46 ದೊಡ್ಡ ಸಂಖ್ಯೆ. ಅದು ಯಾಕೆ ದೊಡ್ಡದು ಎಂದು ಗೊತ್ತಾದರೆ ಬ್ಯಾಸ್ಕೆಟ್‌ಬಾಲ್ ಎಂಬ ಆಟದ ಅರ್ಧ ಗೊತ್ತಾದ ಹಾಗೆ. ಅವಸರ ಬೇಡ. ಒಂದೊಂದೇ ಹೆಜ್ಜೆ ಹೋಗೋಣ.

ಆಟ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಅಲ್ಲಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಜೇಮ್ಸ್ ನೈಸ್ಮಿತ್ ಅವರ ಮುಂದೆ ಹದಿನೆಂಟು ಮಂದಿಯ ಒಂದು ತರಗತಿ ಇತ್ತು. ಹೊರಗೆ ಚಳಿಗಾಲ. ಒಳಗೆ ಅದೇ ಕವಾಯತು ಮಾಡಿ ಮಾಡಿ ಹುಡುಗರಿಗೆ ಬೇಸರ ಹತ್ತಿತ್ತು. ನೈಸ್ಮಿತ್ ವ್ಯಾಯಾಮಶಾಲೆಯ ಎರಡೂ ತುದಿಯಲ್ಲಿ, ಬಾಲ್ಕನಿಯ ಕಟಕಟೆಗೆ ಪೀಚ್ ಹಣ್ಣಿನ ಬುಟ್ಟಿ ಕಟ್ಟಿಸಿದರು. ಹದಿಮೂರು ನಿಯಮ ಬರೆದು ಗೋಡೆಗೆ ಅಂಟಿಸಿದರು. ಒಂದು ಕಡೆ ಒಂಬತ್ತು, ಇನ್ನೊಂದು ಕಡೆ ಒಂಬತ್ತು ಮಂದಿ ನಿಂತು ಫುಟ್‌ಬಾಲ್‌ನಿಂದಲೇ ಆಡಿದರು. ಆ ಕಟಕಟೆ ನೆಲದಿಂದ ಹತ್ತು ಅಡಿ ಎತ್ತರದಲ್ಲಿತ್ತು. ಆ ಒಂದೇ ಕಾರಣಕ್ಕೆ ಇಂದಿಗೂ ರಿಂಗ್ ಅದೇ ಹತ್ತು ಅಡಿ ಎತ್ತರದಲ್ಲಿದೆ. ನಮ್ಮ ಶಾಲೆಯ ಕಬ್ಬಿಣದ ಕಂಬದ ಮೇಲೆ ಕೂಡ.

ಬುಟ್ಟಿಗೆ ತಳ ಇತ್ತು. ಚೆಂಡು ಒಳಗೆ ಬಿದ್ದರೆ ಯಾರಾದರೂ ಏಣಿ ಹತ್ತಿ ತೆಗೆಯಬೇಕಿತ್ತು. ಹಾಗಾಗಿ ಒಂದು ಗೋಲು ಬಿತ್ತೆಂದರೆ ಆಟ ನಿಂತಂತೆಯೇ. ಮತ್ತೆ ಶುರುಮಾಡಲು ಎಲ್ಲರೂ ಅಂಗಳದ ನಡುವೆ ಬಂದು ಸೇರುವುದು ಆಗ ಸಹಜವಾಗಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಬುಟ್ಟಿಯ ತಳ ಹೋಯಿತು, ಬಲೆ ಬಂತು, ಹಿಂದೆ ಬೋರ್ಡ್ ಬಂತು, ಒಂಬತ್ತು ಮಂದಿ ಐವರಾದರು. ಆದರೆ ಗೋಲು ಬಿದ್ದಾಗಲೆಲ್ಲ ನಡುವೆ ಬಂದು ನಿಲ್ಲುವ ಪದ್ಧತಿ ಮಾತ್ರ ನಲವತ್ತೈದು ವರ್ಷ ಹಾಗೆಯೇ ಉಳಿಯಿತು.

ನಮ್ಮ ಕಡೆಗೂ ಈ ಆಟ ಬಂದದ್ದು ಅದೇ ವೈಎಂಸಿಎ ದಾರಿಯಲ್ಲಿ. 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಕಟ್ಟಿದ ಹ್ಯಾರಿ ಕ್ರೋ ಬಕ್ ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಓದಿದವರು. ದಕ್ಷಿಣ ಭಾರತದ ಎಷ್ಟೋ ಪಿ.ಟಿ. ಮೇಷ್ಟ್ರುಗಳು ವಿಷಲ್ ಹಿಡಿಯಲು ಕಲಿತದ್ದು ಆ ಕಾಲೇಜಿನಲ್ಲಿ. ನೈಸ್ಮಿತ್ ಅವರ ಬುಟ್ಟಿಗೂ ನಮ್ಮೂರಿನ ಸಿಮೆಂಟ್ ಕೋರ್ಟಿಗೂ ನಡುವೆ ಇರುವ ದೂರ ನೀವು ಅಂದುಕೊಂಡಷ್ಟಿಲ್ಲ.

ಈಗ ಆ ನಡುವಿನ ಜಂಪ್ ಬಾಲ್‌ಗೆ ಬರೋಣ. ಇಡೀ ಕಥೆಯ ಕೀಲಿ ಇರುವುದು ಇಲ್ಲೇ.

ಇಂದು ಪಂದ್ಯದ ಆರಂಭದಲ್ಲಿ ರೆಫರಿ ಚೆಂಡನ್ನು ಮೇಲಕ್ಕೆ ಎಸೆಯುತ್ತಾರೆ, ಎರಡೂ ತಂಡದ ಒಬ್ಬೊಬ್ಬ ಆಟಗಾರ ಜಿಗಿದು ಅದನ್ನು ತನ್ನವರತ್ತ ತಟ್ಟುತ್ತಾನೆ. ಅದಾದ ಮೇಲೆ ಗೋಲು ತಿಂದ ತಂಡ ತನ್ನ ರಿಂಗಿನ ಹಿಂದಿನ ಗೆರೆಯಿಂದ ಚೆಂಡನ್ನು ಒಳಗೆಸೆದು ಆಟ ಮುಂದುವರಿಸುತ್ತದೆ. 1937ರವರೆಗೆ ಹೀಗಿರಲಿಲ್ಲ. ಪ್ರತಿ ಗೋಲಿನ ನಂತರವೂ ಹತ್ತೂ ಮಂದಿ ನಡುವಿಗೆ ನಡೆದು ಬರಬೇಕು, ರೆಫರಿ ಚೆಂಡೆಸೆಯಬೇಕು, ಇಬ್ಬರು ಜಿಗಿಯಬೇಕು. ಇದರಿಂದ ಎರಡು ತೊಂದರೆ. ಒಂದು, ಆಟದ ಸಮಯವೆಲ್ಲ ನಡೆದಾಡುವುದರಲ್ಲೇ ಕಳೆಯುತ್ತಿತ್ತು. ಎರಡು, ಎಲ್ಲರಿಗಿಂತ ಎತ್ತರದ ಸೆಂಟರ್ ಯಾರ ಬಳಿ ಇದ್ದಾನೋ ಅವರಿಗೇ ಚೆಂಡು. ಗೋಲು ಹೊಡೆದವರೂ ಅವರೇ, ಮತ್ತೆ ಚೆಂಡು ಪಡೆಯುವವರೂ ಅವರೇ.

ನನ್ನ ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳುವುದಿಲ್ಲ, ಆಡಿಸಿಯೇ ತೋರಿಸುತ್ತೇನೆ. ಮೊದಲ ಹತ್ತು ನಿಮಿಷ ಹಳೆಯ ನಿಯಮ. ಗೋಲು ಬಿತ್ತು, ನಡುವಿಗೆ ಬನ್ನಿ. ಮತ್ತೆ ಬಿತ್ತು, ಮತ್ತೆ ಬನ್ನಿ. ಐದು ನಿಮಿಷ ಕಳೆಯುವಷ್ಟರಲ್ಲಿ ಸಣ್ಣ ಮಕ್ಕಳು ಸೊಂಟದ ಮೇಲೆ ಕೈಯಿಟ್ಟು ನಿಂತುಬಿಡುತ್ತಾರೆ. ಒಬ್ಬ ಉದ್ದನೆಯ ಹುಡುಗ ಇದ್ದ ಕಡೆಯವರು ಮಾತ್ರ ಆಡುತ್ತಿರುತ್ತಾರೆ. ಆಮೇಲೆ ಹತ್ತು ನಿಮಿಷ ಹೊಸ ನಿಯಮ. ಗೋಲು ಬಿದ್ದ ಕೂಡಲೇ ಗೆರೆಯಾಚೆಯಿಂದ ಚೆಂಡು ಒಳಗೆ. ಅದೇ ಮಕ್ಕಳು, ಅದೇ ಕೋರ್ಟು. ಈ ಸಲ ಯಾರ ಕೈಯೂ ಸೊಂಟದ ಮೇಲಿರುವುದಿಲ್ಲ. ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವರೂ ಎದ್ದು ನಿಲ್ಲುತ್ತಾರೆ.

1937–38ರ ಸೀಸನ್‌ನಿಂದ ಅಮೆರಿಕದ ಕಾಲೇಜುಗಳಲ್ಲಿ ಆದದ್ದು ಇದೇ. ನಿಯಮ ಪುಸ್ತಕದಿಂದ ಒಂದು ವಾಕ್ಯ ತೆಗೆದರು, ಆಟಕ್ಕೆ ಕಾಲು ಬಂತು. ಆ ಕಾಲುಗಳನ್ನು ಯಾರು ಮೊದಲು ಚೆನ್ನಾಗಿ ಬಳಸಿಕೊಂಡರೋ ಅವರು ಗೆಲ್ಲಲಿದ್ದರು. ಒರೆಗಾನ್ ಬಳಸಿಕೊಂಡಿತು.

ಉಳಿದ ನಿಯಮಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪಂದ್ಯ ಆಗಲೂ ಇಪ್ಪತ್ತು ಇಪ್ಪತ್ತು ನಿಮಿಷದ ಎರಡು ಅರ್ಧ. ಶಾಟ್ ಕ್ಲಾಕ್ ಇರಲಿಲ್ಲ, ಮುಂದಿದ್ದ ತಂಡ ಬೇಕಾದಷ್ಟು ಹೊತ್ತು ಚೆಂಡು ಇಟ್ಟುಕೊಳ್ಳಬಹುದಿತ್ತು. ಎಷ್ಟು ದೂರದಿಂದ ಹೊಡೆದರೂ ಗೋಲಿಗೆ ಎರಡೇ ಅಂಕ. ನಾಲ್ಕು ಫೌಲ್ ಆದರೆ ಹೊರಗೆ. ರಿಂಗಿನತ್ತ ಇಳಿಯುತ್ತಿರುವ ಚೆಂಡನ್ನು ಎದುರಾಳಿ ಕೈಯಿಂದ ತಳ್ಳಿಹಾಕುವುದಕ್ಕೆ ಆಗ ತಡೆಯಿರಲಿಲ್ಲ. ಅದನ್ನು ನಿಷೇಧಿಸಿದ್ದು 1944ರಲ್ಲಿ. ಹೆಚ್ಚಿನವರು ಎರಡೂ ಪಾದ ನೆಲಕ್ಕೂರಿ, ಎರಡೂ ಕೈಯಿಂದ ಎದೆಯ ಮಟ್ಟದಿಂದ ಚೆಂಡು ಹೊಡೆಯುತ್ತಿದ್ದರು. ಸ್ಟ್ಯಾನ್‌ಫರ್ಡ್‌ನ ಹ್ಯಾಂಕ್ ಲೂಸೆಟ್ಟಿ ಎಂಬ ಹುಡುಗ 1936ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ಗೆ ಹೋಗಿ, ಓಡುತ್ತಲೇ ಒಂದೇ ಕೈಯಲ್ಲಿ ಹೊಡೆದು ತೋರಿಸಿದ. ಸತತ 43 ಪಂದ್ಯ ಗೆದ್ದಿದ್ದ ಲಾಂಗ್ ಐಲೆಂಡ್ ವಿಶ್ವವಿದ್ಯಾಲಯ ಅಂದು 45–31ರಿಂದ ಸೋತಿತು. ಪಶ್ಚಿಮ ಕರಾವಳಿಯ ಹುಡುಗರು ಏನೋ ಹೊಸದನ್ನು ಮಾಡುತ್ತಿದ್ದಾರೆ ಎಂಬುದು ಪೂರ್ವದವರಿಗೆ ಅರಿವಾದ ರಾತ್ರಿ ಅದು.

ಇನ್ನು ತಂಡ. ಒರೆಗಾನ್ ಅಮೆರಿಕದ ವಾಯವ್ಯ ಮೂಲೆಯ ರಾಜ್ಯ. ಮಳೆ, ಕಾಡು, ಮರದ ಮಿಲ್ಲು, ಸಾಲ್ಮನ್ ಮೀನು. ನಮ್ಮ ಮಲೆನಾಡಿನವರಿಗೆ ಮಳೆಯೂ ಮರವೂ ಹೊಸದಲ್ಲ, ಆದರೆ ಅಲ್ಲಿನ ಡಗ್ಲಸ್ ಫರ್ ಮರ ನೋಡಿದರೆ ನಮ್ಮವರೂ ತಲೆ ಹಿಂದಕ್ಕೆ ಬಾಗಿಸಬೇಕು. ಕಂಬದ ಹಾಗೆ ನೆಟ್ಟಗೆ ಬೆಳೆಯುವ ಮರ ಅದು. ವಿಶ್ವವಿದ್ಯಾಲಯ ಇರುವುದು ಯೂಜೀನ್ ಎಂಬ ಊರಿನಲ್ಲಿ, ವಿಲಾಮೆಟ್ ನದಿಯ ದಡದಲ್ಲಿ. ಆ ನದಿ ಉತ್ತರಕ್ಕೆ ಹರಿದು ಕೊಲಂಬಿಯಾ ಎಂಬ ಮಹಾನದಿಯನ್ನು ಸೇರುತ್ತದೆ.

ಈ ನದಿಗಳ ಹೆಸರು ಸುಮ್ಮನೆ ಹೇಳಿದ್ದಲ್ಲ. ತಂಡದ ಐವರು ಮುಖ್ಯ ಆಟಗಾರರ ಊರುಗಳನ್ನು ನಕ್ಷೆಯಲ್ಲಿ ಗುರುತು ಮಾಡಿ ನೋಡಿ. ಬಾಬಿ ಆನೆಟ್, ವಾಲಿ ಜೊಹಾನ್ಸನ್ ಇಬ್ಬರೂ ಆಸ್ಟೋರಿಯಾದವರು. ಕೊಲಂಬಿಯಾ ನದಿ ಸಮುದ್ರ ಸೇರುವ ಅಳಿವೆಯ ಊರು ಅದು, ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳ ಊರು. ಸೆಂಟರ್ ಅರ್ಜೆಲ್ ವಿಂಟರ್‌ಮ್ಯೂಟ್ ಅದೇ ನದಿಯ ಮೇಲ್ಗಡೆ, ಆಚೆ ದಡದ ಲಾಂಗ್‌ವ್ಯೂನವನು. ಜಾನ್ ಡಿಕ್ ಇನ್ನೂ ಮೇಲಕ್ಕೆ, ದಿ ಡಾಲ್ಸ್ ಎಂಬ ನದಿದಂಡೆಯ ಊರಿನವನು. ಲಾಡಿ ಗೇಲ್ ಬಂದದ್ದು ಓಕ್‌ರಿಜ್‌ನಿಂದ, ವಿಲಾಮೆಟ್ ನದಿಯ ಮೇಲ್ಭಾಗದ ಕಾಡಿನ ಊರಿನಿಂದ. ಒಂದೇ ನದಿಯ ನೀರು ಕುಡಿದ ಹುಡುಗರು ಎನ್ನಲು ಅಡ್ಡಿಯಿಲ್ಲ. ಊರೂರು ಸುತ್ತಿ ಪ್ರತಿಭೆಗಳನ್ನು ಆರಿಸಿ ತಂದು ಕಟ್ಟಿದ ತಂಡ ಇದಾಗಿರಲಿಲ್ಲ. ಈ ತಂಡದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವ ಸಂಗತಿ ಇದು. ಆಸ್ಟೋರಿಯಾದ ಇಬ್ಬರು ಹೈಸ್ಕೂಲಿನಿಂದಲೇ ಜೊತೆಗೆ ಆಡಿದವರು. ಒಬ್ಬ ಎಲ್ಲಿ ಓಡುತ್ತಾನೆ ಎಂದು ನೋಡದೆಯೇ ಇನ್ನೊಬ್ಬನಿಗೆ ಗೊತ್ತಿತ್ತು. ಅಂಥ ಜೋಡಿ ಕಾಲೇಜಿಗೆ ಬಂದ ಮೇಲೆ ತಯಾರಾಗುವುದು ಕಷ್ಟ. ಅದು ಊರಿನ ಅಂಗಳದಲ್ಲೇ ತಯಾರಾಗಿರಬೇಕು.

ಈಗ ಎತ್ತರ ನೋಡಿ. 'ಸ್ಲಿಮ್' ಎಂದೇ ಎಲ್ಲರೂ ಕರೆಯುತ್ತಿದ್ದ ಸಪೂರ ಮೈಯ ವಿಂಟರ್‌ಮ್ಯೂಟ್ 6 ಅಡಿ 8 ಅಂಗುಲ. ಫಾರ್ವರ್ಡ್‌ಗಳಾದ ಗೇಲ್, ಡಿಕ್ ಇಬ್ಬರೂ 6 ಅಡಿ 4 ಅಂಗುಲ. ಇಂದಿಗೆ ಇದು ವಿಶೇಷವಲ್ಲ, ಆ ಕಾಲಕ್ಕೆ ಮುಂಭಾಗದಲ್ಲಿ ಇಂಥ ಮೂವರನ್ನು ಒಟ್ಟಿಗೆ ನಿಲ್ಲಿಸಿದ ತಂಡ ಅಪರೂಪ. ಪೋರ್ಟ್‌ಲೆಂಡಿನ 'ಒರೆಗೋನಿಯನ್' ಪತ್ರಿಕೆಯ ಕ್ರೀಡಾ ಸಂಪಾದಕ ಎಲ್.ಎಚ್. ಗ್ರೆಗರಿ ಇವರನ್ನು 'ಟಾಲ್ ಫರ್ಸ್', ಅಂದರೆ ಎತ್ತರದ ಫರ್ ಮರಗಳು ಎಂದು ಕರೆದರು. ಹೆಸರು ಹಾಗೇ ನಿಂತಿತು. ಇತಿಹಾಸದ ಪುಸ್ತಕಗಳಲ್ಲೂ ಅದೇ ಹೆಸರು.

ಚಂದದ ಹೆಸರು, ಒಪ್ಪುತ್ತೇನೆ. ಆದರೆ ಹೊಸಬರನ್ನು ಅದು ದಾರಿ ತಪ್ಪಿಸುತ್ತದೆ. ಎತ್ತರವೇ ಇವರನ್ನು ಗೆಲ್ಲಿಸಿತು ಎನಿಸಿಬಿಡುತ್ತದೆ. ಯೋಚನೆ ಮಾಡಿ: ಎತ್ತರವೊಂದೇ ಸಾಕಿದ್ದರೆ ಹಳೆಯ ನಿಯಮವೇ ಇವರಿಗೆ ಲಾಭವಾಗಬೇಕಿತ್ತು. ಪ್ರತಿ ಗೋಲಿನ ನಂತರ ವಿಂಟರ್‌ಮ್ಯೂಟ್ ಜಿಗಿದು ಚೆಂಡು ತಟ್ಟಿದರೆ ಮುಗಿಯಿತಲ್ಲ! ಆ ಸವಲತ್ತು ಕೈತಪ್ಪಿದ ಮೇಲೆಯೇ ಇವರು ದೇಶಕ್ಕೆ ಮೊದಲಿಗರಾದದ್ದು. ಯಾಕೆಂದರೆ ಹಿಂಭಾಗದಲ್ಲಿದ್ದ ಗಾರ್ಡ್‌ಗಳು ಮರಗಳಲ್ಲ. ನಾಯಕ ಆನೆಟ್ ಬರೀ 5 ಅಡಿ 8 ಅಂಗುಲ. ನಮ್ಮ ಊರಿನ ಯಾವುದೇ ಬಸ್‌ಸ್ಟ್ಯಾಂಡಿನಲ್ಲಿ ನಿಂತರೂ ಯಾರೂ ತಿರುಗಿ ನೋಡದಷ್ಟು ಸಾಮಾನ್ಯ ಎತ್ತರ. ಜೊಹಾನ್ಸನ್ ಅವನಿಗಿಂತ ಮೂರು ಅಂಗುಲ ಜಾಸ್ತಿ. ಈ ಇಬ್ಬರ ಕಾಲಿಗೆ ಆ ಮೂವರ ಕೈ ಜೋಡಿಸಿದ್ದೇ ಕೋಚ್ ಹಾವರ್ಡ್ ಹಾಬ್ಸನ್ ಅವರ ಕೆಲಸ.

ಹಾಬ್ಸನ್ ಪೋರ್ಟ್‌ಲೆಂಡಿನವರು, ಇದೇ ವಿಶ್ವವಿದ್ಯಾಲಯಕ್ಕೆ ಆಡಿ ಬೆಳೆದವರು. ಆಶ್‌ಲೆಂಡಿನ ಸಣ್ಣ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ತಂಡ ಕಟ್ಟಿ ಹೆಸರು ಮಾಡಿ, 1935ರಲ್ಲಿ ಯೂಜೀನಿಗೆ ಕೋಚ್ ಆಗಿ ಬಂದರು. ಅವರಿಗೆ ಲೆಕ್ಕದ ಹುಚ್ಚು. ಪಂದ್ಯದಲ್ಲಿ ಯಾರು ಎಲ್ಲಿಂದ ಹೊಡೆದರು, ಎಷ್ಟು ಒಳಗೆ ಹೋಯಿತು, ಎಷ್ಟು ತಪ್ಪಿತು ಎಂದು ವರ್ಷಗಟ್ಟಲೆ ಬರೆದಿಡುತ್ತ ಹೋದರು. ಕೋಚ್‌ಗಳು ಕಣ್ಣಂದಾಜಿನಿಂದ ನಡೆಯುತ್ತಿದ್ದ ಕಾಲದಲ್ಲಿ ಇವರು ಪೆನ್ಸಿಲ್ ಹಿಡಿದು ಕೂತರು. ಆ ಪೆನ್ಸಿಲ್ಲಿನ ಕಥೆಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಮೊದಲು ಅವರ ಆಟವನ್ನು ನಿಧಾನವಾಗಿ ನೋಡೋಣ. ಇದಕ್ಕೆ ಫಾಸ್ಟ್ ಬ್ರೇಕ್ ಎನ್ನುತ್ತಾರೆ. ಇಂದು ಪ್ರತಿ ತಂಡವೂ ಮಾಡುತ್ತದೆ, ಆಗ ಮಾಡುತ್ತಿದ್ದವರು ಕೆಲವರೇ.

ಎದುರಾಳಿ ಹೊಡೆದ ಚೆಂಡು ರಿಂಗಿಗೆ ತಾಗಿ ಹೊರಬಿತ್ತು ಎಂದುಕೊಳ್ಳಿ. ಮೂರು ಜೋಡಿ ಉದ್ದನೆಯ ಕೈಗಳು ಮೇಲೇಳುತ್ತವೆ. ವಿಂಟರ್‌ಮ್ಯೂಟ್ ಚೆಂಡು ಹಿಡಿದ. ಇಲ್ಲಿ ಹೊಸಬ ಮಾಡುವ ತಪ್ಪು ಯಾವುದು? ಚೆಂಡು ಸಿಕ್ಕ ಖುಷಿಯಲ್ಲಿ ಕೆಳಗಿಳಿದು, ಅದನ್ನು ಹೊಟ್ಟೆಗೆ ಒತ್ತಿಕೊಂಡು, ಒಂದೆರಡು ಬಾರಿ ನೆಲಕ್ಕೆ ಬಡಿದು, ಆಮೇಲೆ ತಲೆ ಎತ್ತಿ ನೋಡುವುದು. ಅಷ್ಟರಲ್ಲಿ ಎದುರಾಳಿಗಳು ಹಿಂದಕ್ಕೆ ಹೋಗಿ ಗೋಡೆ ಕಟ್ಟಿರುತ್ತಾರೆ. ಫಾಸ್ಟ್ ಬ್ರೇಕ್‌ನಲ್ಲಿ ಹಿಡಿದವನು ನೆಲ ಮುಟ್ಟುವ ಮುನ್ನವೇ ಪಕ್ಕದ ಗೆರೆಯ ಕಡೆ ಮೈ ತಿರುಗಿಸಿರಬೇಕು. ಅಲ್ಲಿ ಗಾರ್ಡ್ ಒಬ್ಬ ಕಾದಿರುತ್ತಾನೆ. ಪಾಸ್ ಅವನ ಎದೆಗೆ. ಅವನು ಅದನ್ನು ನಡುವೆ ನುಗ್ಗುತ್ತಿರುವ ಜೊತೆಗಾರನಿಗೆ ತಳ್ಳುತ್ತಾನೆ, ತಾನು ಅಂಚಿನಲ್ಲೇ ಓಡುತ್ತಾನೆ. ಇನ್ನೊಂದು ಅಂಚಿನಲ್ಲಿ ಒಬ್ಬ ಫಾರ್ವರ್ಡ್ ಆಗಲೇ ಹೊರಟಾಗಿದೆ. ಮೂರು ದಾರಿ, ಮೂವರು ಓಟಗಾರರು, ಎದುರಿಗೆ ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಿರುವ ಇಬ್ಬರು ರಕ್ಷಕರು. ನಡುವಿನವನು ಯಾರಿಗೆ ಕೊಡುತ್ತಾನೆ? ಅದನ್ನು ತೀರ್ಮಾನಿಸಲು ಅವನಿಗೆ ಸಿಗುವುದು ಒಂದು ಉಸಿರಿನಷ್ಟು ಹೊತ್ತು.

ಆ ನಡುದಾರಿ ಆನೆಟ್‌ನದು. ಸೀಸನ್ ಉದ್ದಕ್ಕೂ ಅವನು ಮಾಡಿದ್ದು ಈ ಒಂದು ಕೆಲಸವನ್ನೇ: ಚೆಂಡು ಸಿಕ್ಕಾಗಲೆಲ್ಲ ಮುಂದಕ್ಕೆ ಒಯ್ಯುವುದು. ಎದುರಾಳಿ ಗೋಲು ಹೊಡೆದರೂ ಸರಿ, ತಪ್ಪಿಸಿದರೂ ಸರಿ. ಉದ್ದನೆಯ ಮೂವರೂ ಓಡಬೇಕಿತ್ತು, ಓಡಿದರು. ದೊಡ್ಡ ಮೈಯವರು ನಿಧಾನ ಎಂದು ನಂಬಿದ್ದ ತಂಡಗಳಿಗೆ 6 ಅಡಿ 4 ಅಂಗುಲದ ಇಬ್ಬರು ಎರಡು ಅಂಚಿನಲ್ಲಿ ಗಾಳಿಯಂತೆ ಬರುವುದನ್ನು ತಡೆಯುವ ಉಪಾಯ ಗೊತ್ತಿರಲಿಲ್ಲ.

1938ರ ಡಿಸೆಂಬರಿನಲ್ಲಿ ಹಾಬ್ಸನ್ ತಂಡವನ್ನು ರೈಲಿನಲ್ಲಿ ಪೂರ್ವಕ್ಕೆ ಕರೆದೊಯ್ದರು. ಊರಿಂದೂರಿಗೆ ಪಂದ್ಯ, ಅಪರಿಚಿತ ಅಂಗಳ, ಅಪರಿಚಿತ ರೆಫರಿಗಳು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜಿನ ಎದುರು ಅಲ್ಪ ಅಂತರದಿಂದ ಸೋತರು. ಅಂಥ ಪ್ರವಾಸ ತಂಡವನ್ನು ಒಡೆಯಲೂಬಹುದು, ಬೆಸೆಯಲೂಬಹುದು. ಇವರನ್ನು ಬೆಸೆಯಿತು. ಮಾರ್ಚ್‌ನಲ್ಲಿ ದೇಶದ ಆಚೆ ತುದಿಯ ತಂಡ ಎದುರಾದಾಗ ಅದು ಇವರಿಗೆ ಹೊಸ ಅನುಭವವಾಗಿರಲಿಲ್ಲ.

ಹಿಂತಿರುಗಿ ಬಂದು ತಮ್ಮ ಪೆಸಿಫಿಕ್ ಕರಾವಳಿ ಲೀಗಿನ ಉತ್ತರ ವಿಭಾಗ ಗೆದ್ದರು. ಆಮೇಲೆ ದಕ್ಷಿಣ ವಿಭಾಗದ ಕ್ಯಾಲಿಫೋರ್ನಿಯಾ ತಂಡವನ್ನು ಯೂಜೀನಿನ ಮೆಕಾರ್ಥರ್ ಕೋರ್ಟಿನಲ್ಲಿ ಸೋಲಿಸಿದರು. ಆ ಕ್ರೀಡಾಂಗಣದ ಬಗ್ಗೆ ಒಂದು ಮಾತು. 1927ರಲ್ಲಿ ತೆರೆದ ಆ ಕಟ್ಟಡಕ್ಕೆ ಹಣ ಹೊಂದಿಸಿದವರು ವಿದ್ಯಾರ್ಥಿಗಳೇ, ತಮ್ಮ ಶುಲ್ಕದಿಂದ. ಪ್ರೇಕ್ಷಕರು ಅಂಗಳದ ತಲೆಯ ಮೇಲೇ ಕೂತಂತೆ ಕಾಣುವ ಕಡಿದಾದ ಗ್ಯಾಲರಿ. ಅಲ್ಲಿ ಕಾಲು ಬಡಿದರೆ ಕಟ್ಟಡವೇ ಸದ್ದು ಮಾಡುತ್ತಿತ್ತು.

ಈಗ ಟೂರ್ನಿ. ಕಾಲೇಜುಗಳಿಗೆ ರಾಷ್ಟ್ರೀಯ ಟೂರ್ನಿ ಎಂಬುದೇ ಹೊಸದು. 1938ರಲ್ಲಿ ನ್ಯೂಯಾರ್ಕಿನ ಕ್ರೀಡಾ ಪತ್ರಕರ್ತರು ಸೇರಿ ಎನ್‌ಐಟಿ ಎಂಬ ಆಹ್ವಾನಿತರ ಟೂರ್ನಿ ನಡೆಸಿದ್ದರು. ಅದಕ್ಕೆ ಜನ ಕಿಕ್ಕಿರಿದು ಬಂದರು. ರಾಷ್ಟ್ರದ ಚಾಂಪಿಯನ್ ಯಾರೆಂದು ಒಂದೇ ನಗರದ ಪತ್ರಕರ್ತರು ತೀರ್ಮಾನಿಸುವುದು ಸರಿಯಲ್ಲ ಎಂಬ ಮಾತು ಕೋಚ್‌ಗಳಲ್ಲಿ ಎದ್ದಿತು. ಒಹಾಯೊ ಸ್ಟೇಟ್‌ನ ಕೋಚ್ ಹೆರಾಲ್ಡ್ ಓಲ್ಸನ್ ಮುಂದಾಳತ್ವ ವಹಿಸಿದರು. ಕೋಚ್‌ಗಳ ರಾಷ್ಟ್ರೀಯ ಸಂಘ 1939ರಲ್ಲಿ ತಾನೇ ಟೂರ್ನಿ ನಡೆಸಿತು. ಈಗ 68 ತಂಡಗಳು ಆಡುವ ಟೂರ್ನಿಗೆ ಆಗ ಬಂದದ್ದು ಎಂಟು. ನಾಲ್ಕು ಪೂರ್ವದಲ್ಲಿ, ನಾಲ್ಕು ಪಶ್ಚಿಮದಲ್ಲಿ.

ಪಶ್ಚಿಮದ ಪಂದ್ಯಗಳು ನಡೆದ ಜಾಗ ವಿಚಿತ್ರವಾಗಿತ್ತು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಮಣ್ಣು ಸುರಿದು ಕಟ್ಟಿದ ಟ್ರೆಷರ್ ಐಲೆಂಡ್ ಎಂಬ ಕೃತಕ ದ್ವೀಪ. ಅಲ್ಲಿ ಆ ವರ್ಷ ಭಾರೀ ಅಂತಾರಾಷ್ಟ್ರೀಯ ವಸ್ತುಪ್ರದರ್ಶನ ನಡೆಯುತ್ತಿತ್ತು. ಮೈಸೂರು ದಸರಾ ವಸ್ತುಪ್ರದರ್ಶನವನ್ನು ನೀರಿನ ನಡುವೆ ಇಟ್ಟಂತೆ ಊಹಿಸಿಕೊಳ್ಳಿ. ಆ ಜಾತ್ರೆಯ ನಡುವಿನ ಒಂದು ಸಭಾಂಗಣದಲ್ಲಿ ಒರೆಗಾನ್ ಮೊದಲು ಟೆಕ್ಸಸ್ ತಂಡವನ್ನು 56–41ರಿಂದ, ಮರುದಿನ ಓಕ್ಲಹಾಮಾವನ್ನು 55–37ರಿಂದ ಸೋಲಿಸಿತು. ಅಂಕಗಳನ್ನು ಗಮನಿಸಿ: ಎರಡು ದಿನ, ಎರಡು ಬಾರಿ ಐವತ್ತರ ಮೇಲೆ. ಪ್ರತಿ ಗೋಲಿಗೂ ನಡುವಿಗೆ ನಡೆಯುತ್ತಿದ್ದ ಕಾಲದಲ್ಲಿ ಇಷ್ಟು ಅಂಕ ಇಷ್ಟು ಸಲೀಸಾಗಿ ಬರುತ್ತಿರಲಿಲ್ಲ. ಪೂರ್ವದಲ್ಲಿ, ಫಿಲಡೆಲ್ಫಿಯಾದಲ್ಲಿ, ಓಲ್ಸನ್ ಅವರದೇ ಒಹಾಯೊ ಸ್ಟೇಟ್ ಗೆದ್ದು ಬಂತು. ಟೂರ್ನಿಯ ಕನಸು ಕಂಡವರ ತಂಡವೇ ಅದರ ಮೊದಲ ಫೈನಲ್ ಆಡಿತು.

ಸ್ಯಾನ್ ಫ್ರಾನ್ಸಿಸ್ಕೊದಿಂದ ಶಿಕಾಗೋ ಕಡೆಗೆ ಮತ್ತೆ ರೈಲು. ಬೆಟ್ಟ, ಮರಳುಗಾಡು, ಬಯಲು ದಾಟಿ ದಿನಗಟ್ಟಲೆ ಪ್ರಯಾಣ. ಇವಾನ್‌ಸ್ಟನ್ನಿನ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಪ್ಯಾಟನ್ ಜಿಮ್ನೇಷಿಯಂನಲ್ಲಿ ಸೋಮವಾರ ರಾತ್ರಿ ಸುಮಾರು ಐದೂವರೆ ಸಾವಿರ ಜನ ಸೇರಿದ್ದರು. ಒಹಾಯೊದ ನಾಯಕ ಜಿಮ್ಮಿ ಹಲ್ ಒಳ್ಳೆಯ ಗುರಿಕಾರ. ಅವನನ್ನು ಕಟ್ಟಿಹಾಕಿದರೆ ಅರ್ಧ ಗೆದ್ದಂತೆ ಎಂದು ಎಲ್ಲರಿಗೂ ಗೊತ್ತಿತ್ತು. ಒರೆಗಾನ್ ತನ್ನ ಓಟ ಬಿಡಲಿಲ್ಲ. ವಿರಾಮಕ್ಕೆ 21–16. ಐದೇ ಅಂಕದ ಅಂತರ, ಯಾರ ಕಡೆಗೂ ವಾಲಬಹುದಿತ್ತು. ದ್ವಿತೀಯಾರ್ಧದಲ್ಲಿ ಅಂತರ ಬೆಳೆಯುತ್ತ ಹೋಯಿತು. ಆ ರಾತ್ರಿ ಎರಡೂ ತಂಡಗಳಲ್ಲಿ ಅತಿ ಹೆಚ್ಚು ಅಂಕ ಗಳಿಸಿದವನು ಜಾನ್ ಡಿಕ್. ಐವರಲ್ಲಿ ಕೊನೆಯ ವರ್ಷದವನಲ್ಲದವನು ಅವನೊಬ್ಬನೇ. ಉದ್ದನೆಯ ವಿಂಟರ್‌ಮ್ಯೂಟ್ ಗಳಿಸಿದ್ದು ಬೆರಳೆಣಿಕೆಯ ಅಂಕ. ಸೆಂಟರ್ ಕಡಿಮೆ ಅಂಕ ಗಳಿಸಿದ್ದು ಸೋಲಿನ ಗುರುತಲ್ಲ ಎಂದು ಮಕ್ಕಳಿಗೆ ಹೇಳಲು ನಾನು ಈ ಪಂದ್ಯವನ್ನೇ ಉದಾಹರಿಸುತ್ತೇನೆ. ಓಟ ಶುರುವಾಗುವುದು ಅವನ ಕೈಯಿಂದ.

ಆ ರಾತ್ರಿಯ ಒಂದು ಘಟನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಟ್ರೋಫಿಯನ್ನು ಅಂಗಳದ ಪಕ್ಕದಲ್ಲೇ ಮೇಜಿನ ಮೇಲೆ ಇಟ್ಟಿದ್ದರು. ಅದರ ತುದಿಯಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರನ ಪುಟ್ಟ ಪ್ರತಿಮೆ. ಪಂದ್ಯದ ನಡುವೆ ಚೆಂಡೊಂದು ಯಾರ ಕೈಗೂ ಸಿಗದೆ ಹೊರಗೆ ಜಾರುತ್ತಿತ್ತು. ಆನೆಟ್ ಅದರ ಹಿಂದೆ ಹಾರಿದ. ತಡೆಯಲಾಗದೆ ಹೋಗಿ ಆ ಮೇಜಿಗೆ ಅಪ್ಪಳಿಸಿದ. ಟ್ರೋಫಿ ಉರುಳಿತು, ತುದಿಯ ಪ್ರತಿಮೆ ಮುರಿದು ಬೇರೆಯಾಯಿತು. ಪಂದ್ಯ ಮುಗಿದ ಮೇಲೆ ನಾಯಕನಾಗಿ ಬಹುಮಾನ ತೆಗೆದುಕೊಳ್ಳಲು ಬಂದವನೂ ಅದೇ ಆನೆಟ್. ಅವನ ಕೈಗೆ ಟ್ರೋಫಿ ಬಂದದ್ದು ಎರಡು ತುಂಡಾಗಿ.

ನನ್ನ ಮಕ್ಕಳಿಗೆ ಈ ಘಟನೆ ಹೇಳಿದರೆ ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ತಂಡ ಮುಂದಿದೆ, ಆದರೂ ಗೆರೆ ದಾಟಿ ಹೋಗುತ್ತಿರುವ ಒಂದು ಚೆಂಡಿಗಾಗಿ ಮೈ ಎಸೆಯುವ ನಾಯಕ ಎಂಥವನು ಎಂದು ಅವರೇ ಲೆಕ್ಕ ಹಾಕುತ್ತಿರುತ್ತಾರೆ.

ಆ ಸೀಸನ್‌ನಲ್ಲಿ ಒರೆಗಾನ್ ಗೆದ್ದದ್ದು 29, ಸೋತದ್ದು 5. ತಂಡ ಊರಿಗೆ ಮರಳುವಾಗ ಒರೆಗಾನಿನ ರೈಲು ನಿಲ್ದಾಣಗಳಲ್ಲಿ ಜನ ಕಾದು ನಿಂತಿದ್ದರು. ಆರ್ಥಿಕ ಕುಸಿತದ ದಶಕ ದಾಟಿ ಬಂದ ಮರಗೆಲಸದವರು, ಮೀನುಗಾರರು, ಅಂಗಡಿಯವರು. ಅವರ ಊರಿನ ಹುಡುಗರು ದೇಶ ಗೆದ್ದಿದ್ದರು.

ಆದರೆ ದೇಶ ಅದನ್ನು ಒಪ್ಪಿತ್ತೇ? ಮೇಷ್ಟ್ರಾಗಿ ನಿಮಗೆ ಪೂರ್ತಿ ಹೇಳಬೇಕು. ಅದೇ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಎನ್‌ಐಟಿ ಗೆದ್ದ ಲಾಂಗ್ ಐಲೆಂಡ್ ತಂಡ ಇಡೀ ವರ್ಷ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಆಗ ಹೆಚ್ಚು ಹೆಸರಿದ್ದ ಟೂರ್ನಿಯೂ ಅದೇ. ಮುಂದೆ ಹಳೆಯ ವರ್ಷಗಳ ಚಾಂಪಿಯನ್ನರ ಪಟ್ಟಿ ಮಾಡಿದ ಹೆಲ್ಮ್ಸ್ ಪ್ರತಿಷ್ಠಾನ 1939ಕ್ಕೆ ಆರಿಸಿದ್ದು ಲಾಂಗ್ ಐಲೆಂಡನ್ನೇ. ಎರಡು ತಂಡಗಳೂ ಎದುರುಬದುರಾಗಲಿಲ್ಲ. ನನ್ನ ಮನಸ್ಸು ಒರೆಗಾನ್ ಕಡೆಗೆ. ಯಾಕೆಂದರೆ ಅವರು ಗೆದ್ದ ಟೂರ್ನಿ ದೇಶದ ಎಂಟು ಭಾಗದಿಂದ ಎಂಟು ತಂಡಗಳನ್ನು ಕರೆದಿತ್ತು. ಆದರೂ ಲಾಂಗ್ ಐಲೆಂಡಿನವರ ವಾದವನ್ನು ತಳ್ಳಿಹಾಕಲಾರೆ.

ಹಣದ ಲೆಕ್ಕದಲ್ಲಿ ಆ ಮೊದಲ ಟೂರ್ನಿ ನಷ್ಟದ ಬಾಬತ್ತು. ಕೋಚ್‌ಗಳ ಸಂಘಕ್ಕೆ 2,531 ಡಾಲರ್ ನಷ್ಟವಾಯಿತು. ಮರುವರ್ಷದಿಂದ ಟೂರ್ನಿಯನ್ನು ನೀವೇ ನಡೆಸಿ ಎಂದು ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎಗೆ ಒಪ್ಪಿಸಿದರು. ಇಂದು ಅಮೆರಿಕದ ಅತಿ ಹೆಚ್ಚು ಆದಾಯದ ಕ್ರೀಡಾಕೂಟಗಳಲ್ಲಿ ಒಂದಾಗಿರುವ ಟೂರ್ನಿ ಕೈಯಿಂದ ಕೈಗೆ ಹೋದದ್ದು ಹೀಗೆ. ಆಟ ಕಂಡುಹಿಡಿದ ನೈಸ್ಮಿತ್ ಅದೇ ವರ್ಷ ನವೆಂಬರ್ 28ರಂದು ತೀರಿಕೊಂಡರು. ಒರೆಗಾನ್ ಪುರುಷರ ತಂಡ ಮತ್ತೆ ಆ ಟೂರ್ನಿಯ ಕೊನೆಯ ನಾಲ್ಕರ ಹಂತ ತಲುಪಲು 2017ರವರೆಗೆ ಕಾಯಬೇಕಾಯಿತು.

ಇನ್ನು ಆ ಪೆನ್ಸಿಲ್ಲಿನ ಕಥೆ. ಹಾಬ್ಸನ್ ಮುಂದೆ ಯೇಲ್ ವಿಶ್ವವಿದ್ಯಾಲಯದ ಕೋಚ್ ಆದರು. ತಾವು ವರ್ಷಾನುಗಟ್ಟಲೆ ಬರೆದಿಟ್ಟ ಲೆಕ್ಕಗಳನ್ನೆಲ್ಲ ಸೇರಿಸಿ 1949ರಲ್ಲಿ ಬ್ಯಾಸ್ಕೆಟ್‌ಬಾಲ್ ಕುರಿತು ಪುಸ್ತಕ ತಂದರು. ಆ ಲೆಕ್ಕಗಳಲ್ಲಿ ಅವರಿಗೆ ಕಂಡ ಒಂದು ಸಂಗತಿ: ದೂರದಿಂದ ಹೊಡೆಯುವುದು ಕಷ್ಟ, ಹತ್ತಿರದಿಂದ ಸುಲಭ. ಎರಡಕ್ಕೂ ಒಂದೇ ಬೆಲೆ ಕೊಟ್ಟರೆ ಎಲ್ಲರೂ ರಿಂಗಿನ ಕೆಳಗೇ ಗುಂಪುಗೂಡುತ್ತಾರೆ, ಉದ್ದನೆಯವರದೇ ರಾಜ್ಯವಾಗುತ್ತದೆ. ಎತ್ತರದ ಮರಗಳನ್ನು ಬೆಳೆಸಿದ ಕೋಚ್‌ಗೇ ಈ ಯೋಚನೆ ಬಂದದ್ದು! ಪುಸ್ತಕಕ್ಕೂ ಮೊದಲೇ, 1945ರ ಫೆಬ್ರವರಿಯಲ್ಲಿ, ಕೊಲಂಬಿಯಾ ಮತ್ತು ಫೋರ್ಡಮ್ ಕಾಲೇಜುಗಳ ನಡುವೆ ಒಂದು ಪ್ರಯೋಗದ ಪಂದ್ಯ ನಡೆಯಿತು. ರಿಂಗಿನಿಂದ 21 ಅಡಿ ದೂರದಲ್ಲಿ ಗೆರೆ. ಅದರಾಚೆಯಿಂದ ಹೊಡೆದರೆ ಮೂರು ಅಂಕ. ಆ ಪ್ರಯೋಗದ ಹಿಂದೆ ಇದ್ದವರು ಹಾಬ್ಸನ್. ಅಂದು ಅದನ್ನು ನಿಯಮವಾಗಿಸಲು ಯಾರೂ ಒಪ್ಪಲಿಲ್ಲ. ಎನ್‌ಸಿಎಎ ಕಾಲೇಜುಗಳಿಗೆಲ್ಲ ಮೂರಂಕದ ಗೆರೆ ಬಂದದ್ದು 1986ರಲ್ಲಿ. 1991ರಲ್ಲಿ ತೀರಿಕೊಳ್ಳುವ ಮುನ್ನ ಹಾಬ್ಸನ್ ಅದನ್ನು ಕಣ್ಣಾರೆ ಕಂಡರು.

ನಮ್ಮ ಕೋರ್ಟಿನಲ್ಲಿ ಆ ಗೆರೆ ಪ್ರತಿ ಮಳೆಗಾಲಕ್ಕೆ ಮಾಸಿಹೋಗುತ್ತದೆ. ಮಳೆ ನಿಂತ ಮೇಲೆ ಒಂದು ಶನಿವಾರ ನಾವೆಲ್ಲ ಸೇರಿ ಹೊಸದಾಗಿ ಎಳೆಯುತ್ತೇವೆ. ರಿಂಗಿನ ನಡುವಿನಿಂದ ತೂಕದ ಗುಂಡು ಇಳಿಬಿಟ್ಟು ನೆಲದ ಮೇಲೆ ಒಂದು ಚುಕ್ಕಿ ಇಡುತ್ತೇವೆ. ಆರನೇ ತರಗತಿಯ ಒಬ್ಬ ಹುಡುಗಿ ಆ ಚುಕ್ಕಿಯ ಮೇಲೆ ಹಗ್ಗದ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಕೂರುತ್ತಾಳೆ. ಹಗ್ಗದ ಉದ್ದ 6.75 ಮೀಟರ್. ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿಕೊಂಡು ನಾನು ಹಿಂದಕ್ಕೆ ಹೆಜ್ಜೆಯಿಡುತ್ತ ಅರ್ಧಚಂದ್ರ ಎಳೆಯುತ್ತೇನೆ. ಹಿಂದೆಯೇ ಉಳಿದವರು ಬಿಳಿ ಬಣ್ಣದ ಡಬ್ಬಿ, ಬ್ರಷ್ ಹಿಡಿದು ಬರುತ್ತಾರೆ. ಬಣ್ಣ ಒಣಗುವವರೆಗೆ ಯಾರೂ ಕೋರ್ಟಿಗೆ ಕಾಲಿಡುವಂತಿಲ್ಲ. ಆಗ ಕಟ್ಟೆಯ ಮೇಲೆ ಕೂರಿಸಿಕೊಂಡು, ಆ ವರ್ಷ ಹೊಸದಾಗಿ ಸೇರಿದವರಿಗೆ, 46–33 ಎಂದು ಶುರುಮಾಡುತ್ತೇನೆ.